ಕರೀ ಪರದೆ, ಬರೀ ಸಪ್ಪಳ: ದೆವ್ವದ ಎಪಿಸೋಡ್ ನಿಮ್ಮ ಟಿವಿಯಲ್ಲಿ ಕಾಣಲಿಲ್ಲ ಏಕೆ?

ದೆವ್ವ, ಮಾಟ, ಸತ್ತವರ ಸೈನ್ಯ ಇರುವ ವೆಬ್ ಸರಣಿಯಲ್ಲಿ ಕಗ್ಗತ್ತಲ ಕಂತೊಂದು ಬಂದೇ ಬರುತ್ತದೆ. ಅದು ಬಂದ ದಿನ ಅಭಿಮಾನಿಗಳು ಎರಡು ಪಂಗಡವಾಗುತ್ತಾರೆ. ಕೆಲವರಿಗೆ ಇಡೀ ಸರಣಿಯಲ್ಲೇ ಮೈ ನಡುಗಿಸಿದ ಕಂತು ಅದು. ಉಳಿದವರದು ಒಂದೇ ಮಾತು: "ಏನೂ ಕಾಣಂಗಿಲ್ಲ ಬಿಡ್ರಿ, ಬರೇ ಸಪ್ಪಳ ಕೇಳಿದ್ವಿ." ಬೆಳಗಾವಿಯ ಪಿಜಿ ರೂಮಿನಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತವನಿಗೂ ವಿಜಯಪುರದ ಮನೆಯ ಪಡಸಾಲೆಯಲ್ಲಿ 43 ಇಂಚಿನ ಟಿವಿ ಮುಂದೆ ಕೂತವರಿಗೂ ಇದೇ ಜಗಳ. ಇಬ್ಬರ ಮಾತೂ ಖರೆ, ಯಾಕೆಂದರೆ ಇಬ್ಬರ ಕಣ್ಣಿಗೂ ಬಿದ್ದದ್ದು ಒಂದೇ ಚಿತ್ರವಲ್ಲ.

ಕ್ಯಾಮೆರಾದಿಂದ ನಿಮ್ಮ ಕಣ್ಣಿಗೆ ಬರುವಷ್ಟರಲ್ಲಿ ಚಿತ್ರ ನಾಲ್ಕು ಕಡೆ ಹಾಯ್ದು ಬರುತ್ತದೆ: ಚಿತ್ರೀಕರಣ, ನೆಟ್ಟಿಗಾಗಿ ಕುಗ್ಗಿಸುವ ಕೆಲಸ, ಟಿವಿ, ಕೊನೆಗೆ ನೀವು ಕೂತ ಕೋಣೆ. ಮೊದಲ ಎರಡರ ಮೇಲೆ ನಮ್ಮ ಹಿಡಿತ ಕಡಿಮೆ. ಕೊನೆಯ ಎರಡು ಪೂರ್ತಿ ನಮ್ಮ ಕೈಯಲ್ಲಿವೆ, ಹೆಚ್ಚಿನ ಹಾಳು ಆಗುವುದೂ ಅಲ್ಲಿಯೇ.

2019ರಲ್ಲಿ ಆದದ್ದು

ಈ ಜಗಳಕ್ಕೆ ಎಲ್ಲರಿಗೂ ನೆನಪಿರುವ ಉದಾಹರಣೆ 'ಗೇಮ್ ಆಫ್ ಥ್ರೋನ್ಸ್' ಸರಣಿಯ ಎಂಟನೇ ಸೀಸನ್ನಿನ ಮೂರನೇ ಕಂತು, 'ದ ಲಾಂಗ್ ನೈಟ್'. 82 ನಿಮಿಷದ ಕಂತಿನ ತುಂಬ ರಾತ್ರಿಯ ಯುದ್ಧ: ಒಂದು ಕಡೆ ಜೀವ ಇರುವವರು, ಇನ್ನೊಂದು ಕಡೆ ಸತ್ತು ಎದ್ದವರು. ಅಮೆರಿಕದಲ್ಲಿ ಅದು 2019ರ ಏಪ್ರಿಲ್ 28ರ ರಾತ್ರಿ 9ಕ್ಕೆ ಬಂತು. ಯಾರು ಸತ್ತರು, ಯಾರು ಉಳಿದರು ತಿಳಿಯಲೇ ಇಲ್ಲ ಎಂದು ಲೋಕದ ತುಂಬ ಕೂಗೆದ್ದಿತು. ಛಾಯಾಗ್ರಾಹಕ ಫೇಬಿಯನ್ ವಾಗ್ನರ್ ಕೊಟ್ಟ ಉತ್ತರದ ಸಾರ ಇಷ್ಟು: ಜನರಿಗೆ ತೋರಿಸಬೇಕೆಂದದ್ದೆಲ್ಲ ಚಿತ್ರದಲ್ಲಿ ಇದೆ, ತಪ್ಪು ಇರುವುದು ಟಿವಿ ಸೆಟ್ಟಿಂಗಿನಲ್ಲಿ, ಚಿತ್ರವನ್ನು ಕುಗ್ಗಿಸುವಲ್ಲಿ, ಕೋಣೆ ಕತ್ತಲು ಮಾಡಿಕೊಂಡು ನೋಡಿ.

ನಮ್ಮ ಕಡೆಯವರಿಗೆ ಇದರಲ್ಲಿ ಇನ್ನೊಂದು ಪೇಚು ಇತ್ತು. ಅಮೆರಿಕದ ರಾತ್ರಿ 9 ಎಂದರೆ ನಮಗೆ ಮರುದಿನ ಬೆಳಗಿನ 6:30. ಏಪ್ರಿಲ್ ಕೊನೆಗೆ ವಿಜಯಪುರ, ಬಾಗಲಕೋಟೆಯಲ್ಲಿ ಆರೂಕಾಲು ಆಗುವಷ್ಟರಲ್ಲಿ ಹೊತ್ತು ಹುಟ್ಟಿರುತ್ತದೆ. ಮೊದಲ ದಿನವೇ ನೋಡಬೇಕೆಂದು ಎದ್ದು ಕೂತವರು ಅಷ್ಟು ಕತ್ತಲಿನ ಕಂತನ್ನು ಪೂರ್ವದ ಕಿಟಕಿಯಿಂದ ಬಿಸಿಲು ಬರುವ ಹೊತ್ತಿನಲ್ಲಿ ನೋಡಿದರು. ಅವರಿಗೆ ಕಂಡಿದ್ದರೇ ಆಶ್ಚರ್ಯ.

ಕತ್ತಲು ಎರಡು ನಮೂನೆ

ಭಯ ಹುಟ್ಟುವುದು ಅರ್ಧ ಕಂಡದ್ದರಿಂದ. ಪೂರ್ತಿ ಬೆಳಕಿನಲ್ಲಿ ನಿಲ್ಲಿಸಿದ ದೆವ್ವ ವೇಷ ಹಾಕಿದ ಮನುಷ್ಯನಾಗಿ ಕಾಣುತ್ತದೆ. ಬಣ್ಣ, ರಬ್ಬರ್, ಗ್ರಾಫಿಕ್ಸ್ ಎಲ್ಲ ಬಯಲಾಗುತ್ತವೆ. ಅದಕ್ಕೇ ನಿರ್ದೇಶಕರು ಪಂಜು, ದೀಪ, ಬೆಂಕಿಯಂಥ ಕಥೆಯೊಳಗಿನ ಬೆಳಕನ್ನೇ ನೆಚ್ಚುತ್ತಾರೆ. ಮೇಲೆ ಹೇಳಿದ ಕಂತನ್ನು ನಿಜವಾದ ರಾತ್ರಿಗಳಲ್ಲೇ ಚಿತ್ರಿಸಿದರು, 55 ರಾತ್ರಿ ಹಿಡಿಯಿತು.

ಇನ್ನೊಂದು ನಮೂನೆ ಇದೆ. ಹಗಲಿನಲ್ಲಿ ಚಿತ್ರಿಸಿ, ಕ್ಯಾಮೆರಾಕ್ಕೆ ಬೆಳಕು ಕಡಿಮೆ ಬಿಟ್ಟು, ಆಮೇಲೆ ಕಂಪ್ಯೂಟರಿನಲ್ಲಿ ನೀಲಿ ಬಳಿದು ರಾತ್ರಿ ಮಾಡುವುದು. ಸಮುದ್ರ ದಂಡೆ, ಬಯಲು ಇದ್ದಲ್ಲಿ ಇದೇ ಸುಲಭ, ಯಾಕೆಂದರೆ ಮೈಲುಗಟ್ಟಲೆ ಜಾಗಕ್ಕೆ ದೀಪ ಹಾಕುವುದು ಆಗುವ ಮಾತಲ್ಲ. 2022ರ ಅಕ್ಟೋಬರಿನಲ್ಲಿ ಬಂದ 'ಹೌಸ್ ಆಫ್ ದ ಡ್ರ್ಯಾಗನ್' ಮೊದಲ ಸೀಸನ್ನಿನ ಏಳನೇ ಕಂತಿನ ದಂಡೆಯ ದೃಶ್ಯಗಳು ಈ ಜಾತಿಯವು. ಆಗಲೂ ದೂರು ಬಂದವು. ಬೇಕೆಂದೇ ಮಾಡಿದ್ದು ಎಂದು ವಾಹಿನಿ ಉತ್ತರ ಕೊಟ್ಟಿತು. ಈ ನಮೂನೆಯ ಕತ್ತಲು ಮನೆಯ ಟಿವಿಗೆ ಹೆಚ್ಚು ಕಷ್ಟ. ಪಂಜಿನ ರಾತ್ರಿಯಲ್ಲಿ ಕಣ್ಣಿಗೆ ಆಧಾರವಾಗಿ ಒಂದಾದರೂ ಹೊಳೆಯುವ ಬಿಂದು ಇರುತ್ತದೆ. ಹಗಲನ್ನು ರಾತ್ರಿ ಮಾಡಿದಾಗ ಇಡೀ ಚೌಕಟ್ಟೇ ಒಂದೇ ಸಮ ಬೂದುಗಪ್ಪಾಗಿ ಕೂರುತ್ತದೆ.

ಬೆಳಕಿನ ಅಳತೆ: ನಿಟ್

ಪರದೆಯಿಂದ ಹೊರಬರುವ ಬೆಳಕನ್ನು 'ನಿಟ್' ಲೆಕ್ಕದಲ್ಲಿ ಅಳೆಯುತ್ತಾರೆ. ಸುಮಾರಾಗಿ ಒಂದು ಮೇಣದಬತ್ತಿಯ ಬೆಳಕು ಒಂದು ಚದರ ಮೀಟರಿನಲ್ಲಿ ಹರಡಿದಷ್ಟು ಪ್ರಖರತೆಯೇ 1 ನಿಟ್. ಮಾಮೂಲಿ ವಿಡಿಯೊದಲ್ಲಿ ಅಪ್ಪಟ ಬಿಳಿಗೆ 100 ನಿಟ್ ಎಂಬ ಪ್ರಮಾಣ ಇಟ್ಟುಕೊಂಡು ಸ್ಟುಡಿಯೊದಲ್ಲಿ ಬಣ್ಣ ಹೊಂದಿಸುತ್ತಾರೆ. ಕತ್ತಲ ಕಂತಿನಲ್ಲಿ ಮುಖದ ನೆರಳು ಭಾಗ, ಕರೀ ಅಂಗಿಯ ಮಡಿಕೆ, ಮರದ ಹಿಂದೆ ನಿಂತ ಆಕಾರ ಇವೆಲ್ಲ 1 ನಿಟ್‌ಗಿಂತ ಕೆಳಗೇ ಇರುತ್ತವೆ.

ಸ್ಟುಡಿಯೊದಲ್ಲಿ ಆ 1 ನಿಟ್‌ನ ಒಳಗೂ ಎಷ್ಟೋ ಪದರು ಕಾಣುತ್ತವೆ. ಅಲ್ಲಿಯ ಕೋಣೆ ಕತ್ತಲು, ಮಾನಿಟರ್‌ಗೆ ಲಕ್ಷಗಟ್ಟಲೆ ಬೆಲೆ, ಬಣ್ಣ ಹೊಂದಿಸುವವರ ಕಣ್ಣು ತಾಸುಗಟ್ಟಲೆ ಕತ್ತಲಿಗೆ ಒಗ್ಗಿರುತ್ತದೆ. ಅವರಿಗೆ ಕಾಣುತ್ತದೆ ನಿಜ. ನನಗನಿಸುವಂತೆ ದೊಡ್ಡ ಸರಣಿಗಳವರು ಒಂದು ಸಾದಾ 20 ಸಾವಿರದ ಟಿವಿಯನ್ನೂ ಪಕ್ಕದಲ್ಲಿಟ್ಟು ಒಮ್ಮೆ ನೋಡಿದರೆ ಅರ್ಧ ದೂರು ಅಲ್ಲೇ ಮುಗಿದೀತು.

ನೆಟ್‌ನಲ್ಲಿ ಬರುವಾಗ ಕತ್ತಲಿಗೆ ಏನಾಗುತ್ತದೆ

ಮಾಮೂಲಿ ವಿಡಿಯೊದಲ್ಲಿ ಅಪ್ಪಟ ಕಪ್ಪಿನಿಂದ ಅಪ್ಪಟ ಬಿಳಿಗೆ 220 ಮಟ್ಟಗಳಿರುತ್ತವೆ (8 ಬಿಟ್ ಲೆಕ್ಕದಲ್ಲಿ 16ರಿಂದ 235). 1 ನಿಟ್‌ಗಿಂತ ಕೆಳಗಿನ ಕತ್ತಲಿಗೆಲ್ಲ ಸೇರಿ ಸಿಗುವುದು ಅದರಲ್ಲಿ ಸುಮಾರು 32. ಇನ್ನೂ ಕೆಳಗೆ, 0.1 ನಿಟ್ ಒಳಗೆ, ಬರೀ 12. ಪರದೆಯ ಎಡದಿಂದ ಬಲಕ್ಕೆ ಮೆಲ್ಲಗೆ ತಿಳಿಯಾಗುವ ಮಂಜು ಈ 12 ಮಟ್ಟಗಳಲ್ಲೇ ಹರಡಬೇಕಾದರೆ, 1920 ಚುಕ್ಕೆ ಅಗಲದ ಚಿತ್ರದಲ್ಲಿ ಒಂದೊಂದು ಪಟ್ಟಿ 160 ಚುಕ್ಕೆ ಅಗಲವಾಗುತ್ತದೆ. ಮಂಜಿನ ಬದಲು ಮೆಟ್ಟಿಲು ಮೆಟ್ಟಿಲಾದ ಗೆರೆಗಳು ಕಾಣುವುದು ಇದಕ್ಕೇ.

ಅದರ ಮೇಲೆ ಕುಗ್ಗಿಸುವಿಕೆ ಬರುತ್ತದೆ. ಚಿತ್ರವನ್ನು ಕುಗ್ಗಿಸುವ ತಂತ್ರಾಂಶ ಚೌಕಟ್ಟನ್ನು ಚಿಕ್ಕ ಚಿಕ್ಕ ಚೌಕಗಳಾಗಿ ಒಡೆದು, ಕಣ್ಣಿಗೆ ಹೆಚ್ಚು ಕಾಣುವ ಚೌಕಕ್ಕೆ ಹೆಚ್ಚು ಡೇಟಾ, ಕಾಣದ್ದಕ್ಕೆ ಕಡಿಮೆ ಡೇಟಾ ಹಂಚುತ್ತದೆ. ಕತ್ತಲು ಅದರ ಲೆಕ್ಕದಲ್ಲಿ "ಯಾರೂ ನೋಡದ ಜಾಗ". ಹಿಂದಿನ ಚೌಕಟ್ಟಿನಲ್ಲಿ ಇದ್ದದ್ದೇ ಮುಂದಿನದರಲ್ಲೂ ಇದ್ದರೆ ಅದಕ್ಕೆ ಕೆಲಸ ಹಗುರ. ಹೊಗೆ, ಹಿಮ, ಮಳೆ, ಓಡುವ ಗುಂಪು ಬಂದರೆ ಪ್ರತಿ ಚೌಕಟ್ಟೂ ಹೊಸದು, ಡೇಟಾ ಸಾಲುವುದಿಲ್ಲ. ಕತ್ತಲು, ಹಿಮ, ಸತ್ತವರ ಓಟ ಮೂರೂ ಒಂದೇ ಕಂತಿನಲ್ಲಿ ಸೇರಿದರೆ ಕಪ್ಪು ಭಾಗದಲ್ಲಿ ಕಲ್ಲುಹಾಸಿನಂಥ ಚೌಕಗಳು ಏಳುತ್ತವೆ.

ನೆಟ್‌ಫ್ಲಿಕ್ಸ್ ತನ್ನ ಗ್ರಾಹಕರಿಗೆ ಹೇಳುವ ವೇಗ 1080ಪಿ ಚಿತ್ರಕ್ಕೆ 5 ಎಂಬಿಪಿಎಸ್ (ಸೆಕೆಂಡಿಗೆ 5 ಮೆಗಾಬಿಟ್), 4ಕೆಗೆ 15 ಎಂಬಿಪಿಎಸ್. ವೇಗ ಬಿದ್ದರೆ ಆ್ಯಪ್ ಚಿತ್ರ ನಿಲ್ಲಿಸುವುದಿಲ್ಲ, ಗುಣಮಟ್ಟ ಇಳಿಸಿ ಸಾಗುತ್ತದೆ. ಹಗಲಿನ ದೃಶ್ಯದಲ್ಲಿ ಈ ಇಳಿಕೆ ಗೊತ್ತೇ ಆಗುವುದಿಲ್ಲ, ಕತ್ತಲಲ್ಲಿ ಮೊದಲು ಗೊತ್ತಾಗುತ್ತದೆ. ರೌಟರ್ ಒಂದು ಖೋಲಿಯಲ್ಲಿ, ಟಿವಿ ಇನ್ನೊಂದರಲ್ಲಿ, ನಡುವೆ ನಮ್ಮ ಹಳೇ ಮನೆಗಳ ದಪ್ಪ ಕಲ್ಲುಗೋಡೆ ಇದ್ದರೆ 5 ಗಿಗಾಹರ್ಟ್ಸ್ ವೈಫೈ ಆ ಗೋಡೆ ದಾಟುವುದೇ ಕಷ್ಟ. ಟಿವಿ ಹಿಂದೆ ಲ್ಯಾನ್ ತೂತು ಇದ್ದರೆ ರೌಟರಿನಿಂದ ಒಂದು ಕೇಬಲ್ ಎಳೆದುಬಿಡಿ, ಕಗ್ಗಂಟು ಅಲ್ಲಿಗೆ ಮುಗಿಯಿತು.

ಪುಕ್ಕಟೆ ಹಂಚುವ ಕಳ್ಳಪ್ರತಿಯ ಲೆಕ್ಕವನ್ನೂ ನೋಡಿ. 82 ನಿಮಿಷದ ಕಂತನ್ನು 300 ಎಂಬಿಗೆ ಇಳಿಸಿದರೆ ಸೆಕೆಂಡಿಗೆ ಸಿಗುವುದು ಸುಮಾರು 0.49 ಎಂಬಿಪಿಎಸ್, ಎಂದರೆ ಸರಿಯಾದ ಚಿತ್ರದ ಹತ್ತನೇ ಒಂದು ಪಾಲು. ಅಂಥ ಪ್ರತಿಯಲ್ಲಿ ಕತ್ತಲಿನ ವಿವರ ಅಳಿಸಿಯೇ ಹೋಗಿರುತ್ತದೆ. ಯಾವ ಟಿವಿಯೂ ಅದನ್ನು ವಾಪಸ್ ತರಲಾರದು.

ಟಿವಿಯ ಕಪ್ಪು ಕಪ್ಪಲ್ಲ

ಎಲ್‌ಇಡಿ ಟಿವಿ ಎಂದು ಮಾರುವುದೆಲ್ಲ ಹಿಂದೆ ದೀಪ ಇರುವ ಎಲ್‌ಸಿಡಿಯೇ. ಹಿಂದಿನ ದೀಪ ಸದಾ ಉರಿಯುತ್ತದೆ, ಮುಂದಿನ ಪದರ ಅದನ್ನು ಮರೆಮಾಡುತ್ತದೆ, ಆದರೆ ಪೂರ್ತಿ ಮರೆಮಾಡುವುದಿಲ್ಲ. ಐಪಿಎಸ್ ಜಾತಿಯ ಪರದೆಯಲ್ಲಿ ಬಿಳಿ-ಕಪ್ಪಿನ ಅಂತರ ಸುಮಾರು 1000ಕ್ಕೆ 1. ಬಿಳಿ 300 ನಿಟ್ ಇದ್ದರೆ ಅದರ ಕಪ್ಪೇ 0.3 ನಿಟ್ ಹೊಳೆಯುತ್ತದೆ. ವಿಎ ಜಾತಿಯಲ್ಲಿ ಅಂತರ 3000ದಿಂದ 5000ದವರೆಗೆ, ಕಪ್ಪು 0.1ರ ಆಸುಪಾಸು ಅಥವಾ ಕೆಳಗೆ. ಓಎಲ್‌ಇಡಿಯಲ್ಲಿ ಪ್ರತಿ ಚುಕ್ಕೆಯೂ ಬೇರೆ ಬೇರೆ ಆರುವುದರಿಂದ ಕಪ್ಪು ನಿಜವಾದ ಕಪ್ಪು. ಐಪಿಎಸ್ ಪರದೆಯನ್ನು ಪಕ್ಕದಿಂದ ನೋಡಿದರೂ ಬಣ್ಣ ಕೆಡುವುದಿಲ್ಲ ಎಂಬುದು ಅದರ ಗುಣ. ಮನೆಮಂದಿಯೆಲ್ಲ ಪಡಸಾಲೆಯ ಉದ್ದಕ್ಕೂ ಕೂತು ನೋಡುವವರಿಗೆ ಅದು ಅನುಕೂಲ. ವಿಎ ಪರದೆ ಎದುರಿಗೆ ಕೂತವರಿಗೆ ಚೆನ್ನ, ಪಕ್ಕಕ್ಕೆ ಸರಿದರೆ ಕಪ್ಪು ಬೂದಿಯಾಗುತ್ತದೆ.

ಇದರ ಮೇಲೆ ಕಂಪನಿಯಿಂದ ಬರುವಾಗಿನ ಸೆಟ್ಟಿಂಗ್ ಬೇರೆ. ಬಹುತೇಕ ಹೊಸ ಟಿವಿಗಳಲ್ಲಿ ಕರೆಂಟು ಉಳಿಸುವ 'ಇಕೋ' ಅಥವಾ 'ಪವರ್ ಸೇವಿಂಗ್' ಆನ್ ಆಗಿಯೇ ಇರುತ್ತದೆ. ಅದು ಹಿಂದಿನ ದೀಪವನ್ನು ಇಳಿಸುತ್ತದೆ, ಕತ್ತಲ ಕಂತು ಇನ್ನಷ್ಟು ಕತ್ತಲಾಗುತ್ತದೆ. 'ವಿವಿಡ್' ಅಥವಾ 'ಡೈನಾಮಿಕ್' ಮೋಡ್ ಅಂಗಡಿಯ ಬೆಳಕಿನಲ್ಲಿ ಗಿರಾಕಿಯ ಕಣ್ಣು ಸೆಳೆಯಲು ಮಾಡಿದ್ದು. ಬಿಳಿಯನ್ನು ಎತ್ತಿ ಕಪ್ಪನ್ನು ತುಳಿಯುತ್ತದೆ, ನೆರಳಿನಲ್ಲಿದ್ದ ಮುಖ ಮಾಯ.

ಕೋಣೆಯ ಲೆಕ್ಕ

ಇದನ್ನು ಯಾರೂ ಎಣಿಸುವುದಿಲ್ಲ, ಆದರೆ ಎಲ್ಲಕ್ಕಿಂತ ದೊಡ್ಡ ಕಳ್ಳ ಇದೇ. ಕೋಣೆಯ ಬೆಳಕು ಪರದೆಗೆ ಬಿದ್ದು ನಿಮ್ಮ ಕಡೆಗೇ ವಾಪಸ್ ಬರುತ್ತದೆ. ಒಂದು ಜಾಗಕ್ಕೆ ಬೀಳುವ ಬೆಳಕನ್ನು 'ಲಕ್ಸ್' ಎಂದು ಅಳೆಯುತ್ತಾರೆ. ಎದುರಿನ ಗೋಡೆಯ ಟ್ಯೂಬ್‌ಲೈಟಿನಿಂದ ಪರದೆಗೆ 100 ಲಕ್ಸ್ ಬೀಳುತ್ತಿದೆ, ಪರದೆ ಅದರಲ್ಲಿ ನೂರಕ್ಕೆ ಎರಡು ಪಾಲನ್ನು ಚದುರಿಸಿ ವಾಪಸ್ ಕಳಿಸುತ್ತದೆ ಎನ್ನಿ. 100ಕ್ಕೆ 0.02 ಗುಣಿಸಿ 3.14ರಿಂದ ಭಾಗಿಸಿದರೆ ಬರುವುದು 0.64 ನಿಟ್. ಮರದ ಹಿಂದಿನ ದೆವ್ವದ ಬೆಳಕು 0.3 ನಿಟ್, ಅದರ ಮುಂದೆ ಹಾಸಿದ ಟ್ಯೂಬ್‌ಲೈಟಿನ ಬೆಳಕಿನ ಮುಸುಕು 0.64. ದೆವ್ವ ಸೋತಿತು. ಕಿಟಕಿ ತೆಗೆದಿದ್ದು 500 ಲಕ್ಸ್ ಬಿದ್ದರೆ ಈ ಮುಸುಕು 3 ನಿಟ್ ದಾಟುತ್ತದೆ.

ಕಣ್ಣಿನದೂ ಒಂದು ಪಾಲಿದೆ. ಮಟಮಟ ಮಧ್ಯಾಹ್ನ ಬಾದಾಮಿಯ ಮೂರನೇ ಗುಹೆಯ ಒಳಮಂಟಪಕ್ಕೆ ಕಾಲಿಟ್ಟವರಿಗೆ ಒಳಗಿನ ಕೆತ್ತನೆ ಕೂಡಲೇ ಕಾಣುವುದಿಲ್ಲ. ಕಂಬದ ಬಳಿ ಸ್ವಲ್ಪ ಹೊತ್ತು ನಿಂತರೆ ಒಂದೊಂದೇ ಮೂಡಿ ಬರುತ್ತದೆ. ಗುಹೆಯ ಬೆಳಕು ಮೊದಲಿನಷ್ಟೇ ಇದೆ, ಬದಲಾಗುವುದು ಕಣ್ಣು. ಬಣ್ಣ ನೋಡುವ ಕೋಶಗಳು ಕತ್ತಲಿಗೆ ಒಗ್ಗಲು 8ರಿಂದ 10 ನಿಮಿಷ, ಮಂದ ಬೆಳಕಿನ ಕೋಶಗಳಿಗೆ 20ರಿಂದ 30 ನಿಮಿಷ ಬೇಕು. ನಡುವೆ ಒಮ್ಮೆ ಮೊಬೈಲ್ ತೆಗೆದು ಮೆಸೇಜು ನೋಡಿದರೆ ಅಷ್ಟೂ ಹೊತ್ತಿನ ಹೊಂದಾಣಿಕೆ ಬಹುಪಾಲು ನೀರಿನಲ್ಲಿ ಹೋಮ.

ಸರಿ ಮಾಡುವುದು ಹೇಗೆ, ಯಾವುದು ಮೊದಲು

ರಿಮೋಟ್ ಹಿಡಿದ ಕೂಡಲೇ 'ಬ್ರೈಟ್‌ನೆಸ್' ಏರಿಸುವುದು ಎಲ್ಲರೂ ಮಾಡುವ ಕೆಲಸ. ಅದನ್ನು ಕೊನೆಗೆ ಇಟ್ಟುಕೊಳ್ಳಿ. ಹಳೇ ಮೆನುವಿನ 'ಬ್ರೈಟ್‌ನೆಸ್' ಹಿಂದಿನ ದೀಪವನ್ನು ಮುಟ್ಟುವುದೇ ಇಲ್ಲ, ಕಪ್ಪಿನ ಮಟ್ಟವನ್ನು ಮೇಲೆತ್ತುತ್ತದೆ. ಹೆಚ್ಚು ಎತ್ತಿದರೆ ಇಡೀ ಚಿತ್ರ ಬೂದಿ ಬಳಿದಂತಾಗಿ, ಕತ್ತಲಲ್ಲಿ ಅಡಗಿದ್ದ ಚೌಕಗಳೆಲ್ಲ ಎದ್ದು ಕಾಣುತ್ತವೆ.

ಮೊದಲು ಕೋಣೆ. ಪರದೆಗೆ ಎದುರಾಗಿರುವ ದೀಪ ಆರಿಸಿ. ಕಿಟಕಿಗೆ ತೆಳು ಪರದೆ ಸಾಲದು, ದಪ್ಪ ಕೌದಿ ಒಂದನ್ನು ಎರಡು ಮೊಳೆಗೆ ಸಿಕ್ಕಿಸಿದರೆ ಹಗಲಿನ ಬೆಳಕೂ ನಿಲ್ಲುತ್ತದೆ. ಮಾಳಿಗೆ ಮನೆಯ ಬೆಳಕಿಂಡಿಯ ಬೆಳಕು ನೇರ ಟಿವಿ ಮೇಲೆ ಬೀಳುವಂತಿದ್ದರೆ ಅದನ್ನು ಮುಚ್ಚಲು ಮರೆಯಬೇಡಿ. ಪೂರ್ತಿ ಕತ್ತಲು ಕಣ್ಣಿಗೆ ನೋವು ಎನ್ನುವವರು ಟಿವಿಯ ಹಿಂದೆ, ಗೋಡೆಗೆ ಮುಖ ಮಾಡಿ ಒಂದು ಚಿಕ್ಕ ಬಲ್ಬ್ ಇಡಬಹುದು. ಅದರ ಬೆಳಕು ಪರದೆಗೆ ಬೀಳುವುದಿಲ್ಲ.

ಆಮೇಲೆ ಮೋಡ್. 'ಫಿಲ್ಮ್‌ಮೇಕರ್', 'ಸಿನಿಮಾ' ಅಥವಾ 'ಮೂವಿ' ಆರಿಸಿ. ಮೊದಲ ಹತ್ತು ನಿಮಿಷ ಚಿತ್ರ ಹಳದಿ ತಿರುಗಿದಂತೆ ಕಾಣುತ್ತದೆ, ನೀಲಿ ಬಿಳಿಗೆ ಒಗ್ಗಿದ ಕಣ್ಣಿನ ದೂರು ಅದು, ತಾನೇ ಸರಿಹೋಗುತ್ತದೆ. 'ಇಕೋ', 'ಪವರ್ ಸೇವಿಂಗ್', ಕೋಣೆಯ ಬೆಳಕು ಅಳೆಯುವ ಸೆನ್ಸರ್, 'ಡೈನಾಮಿಕ್ ಕಾಂಟ್ರಾಸ್ಟ್', 'ನಾಯ್ಸ್ ರಿಡಕ್ಷನ್' ಎಲ್ಲ ಆಫ್. ಕೊನೆಯದು ಚುಕ್ಕೆ ಚುಕ್ಕೆ ಒರೆಸುವ ನೆಪದಲ್ಲಿ ನೆರಳಿನ ವಿವರವನ್ನೂ ಒರೆಸುತ್ತದೆ.

ಮೂರನೆಯದು 'ಬ್ಯಾಕ್‌ಲೈಟ್'. ಕೋಣೆಯಲ್ಲಿ ಬೆಳಕಿದ್ದರೆ ಪೂರ್ತಿ ಏರಿಸಿ. ಕತ್ತಲು ಕೋಣೆಯಲ್ಲಿ ಅರ್ಧದ ಸುತ್ತ ಸಾಕು. ಐಪಿಎಸ್ ಪರದೆಯಲ್ಲಿ ದೀಪ ಇಳಿಸಿದಷ್ಟೂ ಆ 0.3 ನಿಟ್‌ನ ಹುಸಿ ಕಪ್ಪೂ ಇಳಿಯುತ್ತದೆ. ಇಲ್ಲಿ ಹೆಸರಿನ ಗೊಂದಲವಿದೆ. ಸೋನಿ ಮತ್ತು ಈಚಿನ ಸ್ಯಾಮ್‌ಸಂಗ್ ಟಿವಿಗಳಲ್ಲಿ 'ಬ್ರೈಟ್‌ನೆಸ್' ಎಂದು ಬರೆದದ್ದೇ ಹಿಂದಿನ ದೀಪ. ಕಪ್ಪಿನ ಮಟ್ಟಕ್ಕೆ ಸೋನಿಯಲ್ಲಿ 'ಬ್ಲ್ಯಾಕ್ ಲೆವೆಲ್', ಸ್ಯಾಮ್‌ಸಂಗ್‌ನಲ್ಲಿ 'ಶ್ಯಾಡೊ ಡೀಟೇಲ್' ಹುಡುಕಬೇಕು.

ಈಗ ಕಪ್ಪಿನ ಮಟ್ಟ. ಮೇಲೆ ಕೆಳಗೆ ಕರೀ ಪಟ್ಟಿ ಇರುವ ಯಾವುದಾದರೂ ಸಿನಿಮಾದ ರಾತ್ರಿ ದೃಶ್ಯವನ್ನು ಪಾಜ್ ಮಾಡಿ ನಿಲ್ಲಿಸಿ, ದೀಪ ಆರಿಸಿ. ಮಟ್ಟವನ್ನು ಒಂದೊಂದೇ ಹೆಜ್ಜೆ ಏರಿಸುತ್ತ ಹೋದರೆ ಒಂದು ಹಂತದಲ್ಲಿ ಕರೀ ಪಟ್ಟಿ ಬೂದಿಯಾಗತೊಡಗುತ್ತದೆ. ಅಲ್ಲಿಂದ ಎರಡು ಹೆಜ್ಜೆ ಕೆಳಗಿಳಿಸಿ ಬಿಡಿ. ಅದಕ್ಕಿಂತ ಮೇಲೆ ಹೋದರೆ ಬೂದಿ, ಕೆಳಗೆ ಹೋದರೆ ನೆರಳು ನುಂಗಿ ಹೋಗುತ್ತದೆ. 0ಯಿಂದ 100ರ ಅಳತೆಯಲ್ಲಿ ಇದು ಸಾಮಾನ್ಯವಾಗಿ 50ರ ಆಚೀಚೆ ಬಂದು ನಿಲ್ಲುತ್ತದೆ. ಇಷ್ಟಾದರೂ ನೆರಳು ಮುಚ್ಚಿದ್ದರೆ 'ಗಾಮಾ'ವನ್ನು 2.4ರಿಂದ 2.2ಕ್ಕೆ ತನ್ನಿ. ಗಾಮಾ ಅಪ್ಪಟ ಕಪ್ಪು ಬಿಳಿಯನ್ನು ಮುಟ್ಟದೆ ನಡುವಿನ ಕತ್ತಲನ್ನಷ್ಟೇ ತಿಳಿ ಮಾಡುತ್ತದೆ, ಹೀಗಾಗಿ ಬೆಳಕಿರುವ ಕೋಣೆಯಲ್ಲಿ ನೋಡಲೇಬೇಕಾದವರಿಗೆ ಇದೇ ಒಳ್ಳೆಯ ಮದ್ದು.

ಎಚ್‌ಡಿಆರ್ ಎಂಬ ಬಲೆ

ಎಚ್‌ಡಿಆರ್ (ಮಾಮೂಲಿಗಿಂತ ಕಪ್ಪು-ಬಿಳಿಯ ಅಂತರ ಹೆಚ್ಚಿರುವ) ಚಿತ್ರವನ್ನು ಸಾಮಾನ್ಯವಾಗಿ 1000 ಅಥವಾ 4000 ನಿಟ್ ಮುಟ್ಟುವ ಪರದೆ ಎಂದುಕೊಂಡು ತಯಾರಿಸುತ್ತಾರೆ. ಡಬ್ಬಿಯ ಮೇಲೆ 'ಎಚ್‌ಡಿಆರ್' ಎಂದು ಬರೆದ ಅಗ್ಗದ ಟಿವಿ 250 ನಿಟ್ ಕೊಟ್ಟರೆ ಹೆಚ್ಚು. 1000ವನ್ನು 250ರೊಳಗೆ ತುರುಕುವಾಗ ಕೆಲವು ಟಿವಿಗಳು ಇಡೀ ಚಿತ್ರವನ್ನೇ ಕೆಳಗೆ ದಬ್ಬುತ್ತವೆ. ಹಾಗಾಗಿ 4ಕೆ ಎಚ್‌ಡಿಆರ್ ಪ್ಲಾನಿಗೆ ಹೆಚ್ಚು ದುಡ್ಡು ಕೊಟ್ಟವರ ಮನೆಯಲ್ಲೇ ಚಿತ್ರ ಹೆಚ್ಚು ಕತ್ತಲು. ಪರೀಕ್ಷೆ ಸುಲಭ: ಫೈರ್ ಟಿವಿಯಂಥ ಸಾಧನದ ಡಿಸ್‌ಪ್ಲೇ ಸೆಟ್ಟಿಂಗಿನಲ್ಲಿ ಎಚ್‌ಡಿಆರ್ ನಿಲ್ಲಿಸಿ ಅದೇ ದೃಶ್ಯವನ್ನು ಮತ್ತೆ ನೋಡಿ. ತಿಳಿಯಾದರೆ ಹಾಗೆಯೇ ಬಿಡಿ. ಇನ್ನೊಂದು ಮಾತು, ಎಚ್‌ಡಿಆರ್ ಶುರುವಾದಾಗ ಟಿವಿ ಬೇರೆಯೇ ಸೆಟ್ಟಿಂಗಿಗೆ ಜಿಗಿಯುತ್ತದೆ. ಮಾಮೂಲಿ ಚಿತ್ರಕ್ಕೆ ನೀವು ಮಾಡಿದ್ದು ಅಲ್ಲಿ ಲೆಕ್ಕಕ್ಕಿಲ್ಲ, ಎಚ್‌ಡಿಆರ್ ಓಡುತ್ತಿರುವಾಗಲೇ ಇನ್ನೊಮ್ಮೆ ಹೊಂದಿಸಬೇಕು.

ಬಾಕ್ಸು, ತಂತಿ, ಮೊಬೈಲು

ಸೆಟ್‌ಟಾಪ್ ಬಾಕ್ಸನ್ನು ಇನ್ನೂ ಹಳದಿ-ಕೆಂಪು-ಬಿಳಿ ತಂತಿಯಲ್ಲೇ ಟಿವಿಗೆ ಸಿಕ್ಕಿಸಿದ್ದರೆ ಎಚ್‌ಡಿ ಚಾನಲ್ಲಿಗೆ ಕೊಟ್ಟ ದುಡ್ಡು ದಂಡ, ಎಚ್‌ಡಿಎಂಐ ಹಾಕಿಸಿ. ಎಚ್‌ಡಿಎಂಐ ಹಾಕಿದ ಮೇಲೆ ನೆರಳೆಲ್ಲ ಶಾಯಿ ಸುರಿದಂತಾದರೆ ಬಾಕ್ಸ್ ಕಪ್ಪು-ಬಿಳಿಯ ಮಟ್ಟಗಳನ್ನು 'ಫುಲ್' ಅಳತೆಯಲ್ಲಿ ಕಳಿಸುತ್ತಿದೆ, ಟಿವಿ 'ಲಿಮಿಟೆಡ್' (ಮೇಲೆ ಹೇಳಿದ 16ರಿಂದ 235) ಎಂದುಕೊಂಡಿದೆ. ಚಿತ್ರ ಹಾಲು ಕಲಸಿದಂತೆ ಮಂಕಾದರೆ ಇದರ ತಿರುವುಮುರುವು. ಎರಡನ್ನೂ 'ಆಟೋ'ಗೆ, ಆಗದಿದ್ದರೆ ಎರಡನ್ನೂ 'ಲಿಮಿಟೆಡ್'ಗೆ ಹಾಕಿ.

ಸಂಜೆ ವೋಲ್ಟೇಜ್ ಇಳಿದಿದೆ, ಅದಕ್ಕೇ ಚಿತ್ರ ಮಂದ ಎಂಬ ಮಾತು ಇನ್ನೂ ಕೇಳುತ್ತದೆ. ಗುಂಡು ಬಲ್ಬಿಗೆ ಅದು ನಿಜ. ಇಂದಿನ ಟಿವಿಯ ಪವರ್ ಸಪ್ಲೈ ಸಾಮಾನ್ಯವಾಗಿ 100ರಿಂದ 240 ವೋಲ್ಟ್‌ವರೆಗೆ ಒಂದೇ ಸಮ ಕೆಲಸ ಮಾಡುತ್ತದೆ, ಚಿತ್ರ ಮಂದವಾಗುವುದಿಲ್ಲ. ಕರೆಂಟು ಹೋಗಿ ಬಂದಾಗ ರೌಟರ್ ಹೊಸದಾಗಿ ಶುರುವಾಗಿ ಕೆಲ ಹೊತ್ತು ಗುಣಮಟ್ಟ ಬೀಳುವುದು ಮಾತ್ರ ಖರೆ. ರೌಟರಿಗೊಂದು ಚಿಕ್ಕ ಯುಪಿಎಸ್ ಇದ್ದರೆ ಆ ಕಾಟವೂ ಇಲ್ಲ.

ಮೊಬೈಲಿನಲ್ಲಿ ನೋಡುವವರು 'ಆಟೋ ಬ್ರೈಟ್‌ನೆಸ್', 'ಬ್ಯಾಟರಿ ಸೇವರ್', ಕಣ್ಣಿಗೆ ಹಿತವೆಂದು ಪರದೆ ಹಳದಿ ಮಾಡುವ ಮೋಡ್ ಮೂರನ್ನೂ ಆಫ್ ಮಾಡಬೇಕು. ಆ್ಯಪ್‌ನ ಬದಲು ವೆಬ್‌ಸೈಟಿನಲ್ಲಿ ನಿಮ್ಮ ಅಕೌಂಟಿನ ಡೇಟಾ ಸೆಟ್ಟಿಂಗ್ ತೆಗೆದು ನೋಡಿ: ನೆಟ್‌ಫ್ಲಿಕ್ಸ್‌ನ 'ಲೋ' ಎಂದರೆ ತಾಸಿಗೆ 0.3 ಜಿಬಿ, ಮೇಲೆ ಹೇಳಿದ ಕಳ್ಳಪ್ರತಿಗಿಂತ ಸ್ವಲ್ಪ ಮೇಲು ಅಷ್ಟೇ. ವೈಡ್‌ವೈನ್ ಎಂಬ, ನಕಲು ತಡೆಯುವ ಬೀಗದ ವ್ಯವಸ್ಥೆಯ 'ಎಲ್1' ದರ್ಜೆ ಇಲ್ಲದ, ಬರೀ 'ಎಲ್3' ಇರುವ ಫೋನುಗಳಲ್ಲಿ ನೆಟ್‌ಫ್ಲಿಕ್ಸ್ ಎಚ್‌ಡಿ ಕೊಡುವುದೇ ಇಲ್ಲ, ನೀವು ಯಾವ ಪ್ಲಾನ್ ಹಾಕಿಸಿದ್ದರೂ ಅಷ್ಟೇ. ಆ್ಯಪ್‌ನ 'ಪ್ಲೇಬ್ಯಾಕ್ ಸ್ಪೆಸಿಫಿಕೇಶನ್' ಪುಟದಲ್ಲಿ ನಿಮ್ಮ ಫೋನಿನ ದರ್ಜೆ ಬರೆದಿರುತ್ತದೆ. ಅಲ್ಲಿ 'ಎಲ್3' ಕಂಡರೆ ಕತ್ತಲ ಕಂತುಗಳ ಮಟ್ಟಿಗೆ ಆ ಫೋನನ್ನು ಬದಿಗಿಟ್ಟು, ಟಿವಿ ಇರುವ ಗೆಳೆಯನ ಮನೆಗೆ ರಾತ್ರಿ ಹೋಗುವುದೇ ವಾಸಿ.